ರಕ್ತ ಚೆಲ್ಲಲು ಒಲ್ಲೆ ಅಂದ ಸಭಾಪಾಲಕ: ಚಾರ್ಲ್ಸ್ ಹ್ಯಾರಿಸನ್ ಮೇಸನ್ ಅವರ ಜೀವನ

(ಹುಬ್ಬಳ್ಳಿ, ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ)

  ಕುಳಿತುಕೊಳ್ಳಿ ಪ್ರಿಯರೇ. ಹಿಂದೆ ನಿಂತವರು ಮುಂದೆ ಬರ್ರಿ, ಇಲ್ಲಿ ಜಾಗ ಇದೆ.

ಸತ್ಯವೇದ ತಂದವರು ಎರಡು ಭಾಗ ತೆಗೆದು ಗುರುತು ಹಾಕಿಕೊಳ್ಳಿ. ಒಂದು, ರೋಮಾಪುರದವರಿಗೆ ಬರೆದ ಪತ್ರಿಕೆ 13ನೇ ಅಧ್ಯಾಯದ ಮೊದಲ ಏಳು ವಚನ. ಇನ್ನೊಂದು, ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯ, 29ನೇ ವಚನ. ಒಂದರಲ್ಲಿ ಪೌಲನು ಅಧಿಕಾರಿಗಳಿಗೆ ಅಧೀನರಾಗಿರಬೇಕು ಅಂತ ಕಲಿಸುತ್ತಾನೆ. ಇನ್ನೊಂದರಲ್ಲಿ ಪೇತ್ರನು ಅಧಿಕಾರಿಗಳ ಎದುರಿಗೇ ನಿಂತು ದೇವರ ಮಾತೇ ಮೊದಲು ಅಂತಾನೆ. ಎರಡೂ ದೇವರ ವಾಕ್ಯ. ಒಂದನ್ನು ಹಿಡಿದು ಇನ್ನೊಂದನ್ನು ಬಿಡೋದಕ್ಕೆ ನಮಗೆ ಅಧಿಕಾರ ಇಲ್ಲ. ಆಮೆನ್ ಹೇಳ್ರಿ.

ಈ ಸಂದೇಶ ಯಾಕೆ ಬಂತು ಅಂತ ಮೊದಲು ಹೇಳಿಬಿಡ್ತೀನಿ. ಕೆಲವು ವಾರಗಳ ಹಿಂದೆ ಶುಕ್ರವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಕಲಘಟಗಿ ಕಡೆಯ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಹೆಸರು ಹೇಳೋದಿಲ್ಲ. ಸೈನ್ಯದ ಭರ್ತಿಗೆ ಮುಂಜಾನೆ ಓಡಿ ಓಡಿ ತಯಾರಿ ಮಾಡ್ತಿರುವ ಹುಡುಗ. ಮನೆಯಲ್ಲಿ ಸಾಲ ಇದೆ, ತಂಗಿ ಮದುವೆ ಇದೆ. ತಾಯಿ ಪ್ರಾರ್ಥನೆ ಮಾಡುವ ಹೆಂಗಸು. ಅವನು ನನ್ನನ್ನು ಕೇಳಿದ: ಪಾಸ್ಟರ್, ನಾನು ಸೈನ್ಯ ಸೇರಿದರೆ ಪಾಪ ಆಗ್ತದೇನ್ರಿ? ನಾಳೆ ಗುಂಡು ಹೊಡಿ ಅಂದ್ರೆ ನಾನು ಹೊಡಿಬೇಕಲ್ರಿ?

ನಾನು ಪ್ರಾರ್ಥನೆ ಮಾಡೋಣ ಅಂತ ತಲೆ ಮೇಲೆ ಕೈ ಇಟ್ಟು ಕಳಿಸಿಬಿಟ್ಟೆ. ಮನೆಗೆ ಹೋದೆ, ನಿದ್ದೆ ಬರಲಿಲ್ಲ. ಹುಡುಗ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ, ತಪ್ಪಿಸಿಕೊಂಡಿದ್ದೆ. ಹಾಗಾಗಿ ಇವತ್ತು ಈ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡ ಒಬ್ಬ ದೇವಸೇವಕನ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ಅವರು ನಮ್ಮವರೇ, ಪೆಂತೆಕೊಸ್ತ ಉಜ್ಜೀವನದ ತಂದೆಗಳಲ್ಲಿ ಒಬ್ಬರು. ಬಿಷಪ್ ಚಾರ್ಲ್ಸ್ ಹ್ಯಾರಿಸನ್ ಮೇಸನ್. ಅವರು ಜ್ವರ ವಾಸಿ ಮಾಡಿದ್ದು, ಅನ್ಯಭಾಷೆಯಲ್ಲಿ ಮಾತಾಡಿದ್ದು ನಮ್ಮಲ್ಲಿ ಕೆಲವರು ಕೇಳಿದ್ದೀರಿ. ಅವರು ಜೈಲಿಗೆ ಹೋಗಿದ್ದು ಯಾಕೆ ಅನ್ನೋದನ್ನು ಮಾತ್ರ ನಮ್ಮ ವೇದಿಕೆಗಳಲ್ಲಿ ಹೇಳೋದು ಕಡಿಮೆ.

ಮೇಸನ್ ಹುಟ್ಟಿದ್ದು 1860ರ ದಶಕದ ಮಧ್ಯದಲ್ಲಿ, ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ, ಮೆಂಫಿಸ್ ಊರಿನ ಹತ್ತಿರದ ಒಂದು ಹೊಲದಲ್ಲಿ. ತಂದೆ ಜೆರ್ರಿ, ತಾಯಿ ಎಲೈಜಾ. ಇಬ್ಬರೂ ಗುಲಾಮರಾಗಿ ಬದುಕಿದವರು. ಅಂದ್ರೆ ಅವರನ್ನು ದನ ಕೊಂಡ ಹಾಗೆ ಕೊಂಡು, ದುಡಿಸಿಕೊಂಡು, ಮಾರುವ ಕಾಲ ಅದು. 1865ರಲ್ಲಿ ಕಾನೂನಿನ ಪ್ರಕಾರ ಗುಲಾಮಗಿರಿ ಮುಗೀತು. ಆದರೆ ಕಾಗದದ ಮೇಲೆ ಮುಗಿದದ್ದು ಮನುಷ್ಯರ ಮನಸ್ಸಿನಲ್ಲಿ ಮುಗಿದಿರಲಿಲ್ಲ. ನಮ್ಮ ದೇಶದಲ್ಲೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೌದಲ್ರಿ?

1878ರಲ್ಲಿ ಆ ಸೀಮೆಯಲ್ಲಿ ಹಳದಿ ಜ್ವರದ ಸಾಂಕ್ರಾಮಿಕ ಬಂತು. ಕುಟುಂಬ ಊರು ಬಿಟ್ಟು ಅರ್ಕಾನ್ಸಾ ರಾಜ್ಯದ ಪ್ಲಮರ್‌ವಿಲ್‌ಗೆ ಹೋಯಿತು. ಆದರೂ ಮರುವರ್ಷ ತಂದೆಯನ್ನು ಅದೇ ಜ್ವರ ತೆಗೆದುಕೊಂಡು ಹೋಯಿತು. 1880ರಲ್ಲಿ ಹುಡುಗ ಮೇಸನ್ ಕೂಡ ಹಾಸಿಗೆ ಹಿಡಿದ. ಮನೆಯವರು ಆಸೆ ಬಿಟ್ಟಿದ್ದರು. ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆ ಹುಡುಗ ಎದ್ದು ನಡೆದ. ದೇವರು ಮುಟ್ಟಿದರು. ಹಲ್ಲೆಲೂಯಾ! ಸ್ವಲ್ಪ ದಿನಕ್ಕೆ ದೀಕ್ಷಾಸ್ನಾನ ಆಯಿತು. ಬ್ಯಾಪ್ಟಿಸ್ಟ್ ಸಭೆಯಲ್ಲಿ ಸಾಕ್ಷಿ ಹೇಳುತ್ತಾ, ಹಾಡುತ್ತಾ ಬೆಳೆದರು.

ಮುಂದೆ ಸೇವೆಗೆ ಬಂದರು. 1893ರಲ್ಲಿ ಸೆಮಿನರಿಗೆ ಹೋದರು, ಮೂರು ತಿಂಗಳಲ್ಲಿ ಬಿಟ್ಟು ಬಂದರು. ಪರಿಶುದ್ಧ ಜೀವನದ ಬಗ್ಗೆ, ಶುದ್ಧೀಕರಣದ ಬಗ್ಗೆ ಸಾರೋದಕ್ಕೆ ಶುರು ಮಾಡಿದಾಗ ಬ್ಯಾಪ್ಟಿಸ್ಟ್ ಹಿರಿಯರು ಅವರನ್ನು ಹೊರಗೆ ಹಾಕಿದರು. ಆಗ ಚಾರ್ಲ್ಸ್ ಪ್ರೈಸ್ ಜೋನ್ಸ್ ಎಂಬ ಇನ್ನೊಬ್ಬ ಸೇವಕರು ಜೊತೆಯಾದರು. ಮಿಸಿಸಿಪ್ಪಿ ರಾಜ್ಯದ ಲೆಕ್ಸಿಂಗ್ಟನ್ ಅಂತ ಒಂದು ಊರು. ಈ ಊರಿನ ಹೆಸರು ನೆನಪಿಡ್ರಿ, ಮತ್ತೆ ಬರ್ತದೆ. ಅಲ್ಲಿ ಸಭೆ ಸೇರೋದಕ್ಕೆ ಜಾಗ ಸಿಗಲಿಲ್ಲ. ಹಳ್ಳದ ದಂಡೆಯ ಮೇಲೆ ಒಂದು ಹಳೆಯ ಹತ್ತಿ ಜಿನ್ ಇತ್ತು. ಹತ್ತಿ ಜಿನ್ ಅಂದ್ರೆ ನಮ್ಮ ಹುಬ್ಬಳ್ಳಿ ಹಿರಿಯರಿಗೆ ಬಿಡಿಸಿ ಹೇಳೋದು ಬ್ಯಾಡ. ಆ ಜಿನ್ ಮನೆಯಲ್ಲೇ ಆರಾಧನೆ. ಒಂದು ರಾತ್ರಿ ಕೂಟ ನಡೆಯುವಾಗ ಹೊರಗಿನಿಂದ ಯಾರೋ ಗುಂಡು ಹಾರಿಸಿದರು. ಕೆಲವರಿಗೆ ಗಾಯ ಆಯಿತು, ಯಾರ ಜೀವವೂ ಹೋಗಲಿಲ್ಲ. ಕೂಟ ನಿಲ್ಲಲಿಲ್ಲ.

ಸಭೆಗೆ ಏನು ಹೆಸರು ಇಡೋದು? 1897ರಲ್ಲಿ ಮೇಸನ್ ಲಿಟಲ್ ರಾಕ್ ಊರಿನ ಬೀದಿಯಲ್ಲಿ ನಡೆದು ಹೋಗುವಾಗ 1 ಥೆಸಲೋನಿಕ 2ನೇ ಅಧ್ಯಾಯದ ಮಾತು ಅವರ ಮನಸ್ಸಿಗೆ ಬಂತು. ಅಲ್ಲಿಂದ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಅನ್ನೋ ಹೆಸರು. ಆ ವಚನವನ್ನು ಮನೆಗೆ ಹೋಗಿ ಓದ್ರಿ. ಅದು ಸ್ವಂತ ಜನರಿಂದಲೇ ಹಿಂಸೆ ಪಟ್ಟ ಸಭೆಗಳ ಬಗ್ಗೆ ಇರುವ ವಚನ. ಹೆಸರು ಕೊಡುವಾಗಲೇ ದೇವರು ಮುಂದೆ ಬರೋದನ್ನು ತೋರಿಸಿದರೋ ಏನೋ.

1907ರಲ್ಲಿ ಮೇಸನ್ ಇನ್ನಿಬ್ಬರು ಸೇವಕರ ಜೊತೆ ಲಾಸ್ ಏಂಜಲೀಸ್‌ಗೆ ರೈಲು ಹತ್ತಿದರು. ಅಲ್ಲಿ ಅಜೂಸಾ ಸ್ಟ್ರೀಟ್‌ನಲ್ಲಿ ವಿಲಿಯಂ ಸೀಮೋರ್ ಅವರ ಕೂಟಗಳು ನಡೀತಿದ್ದವು. ಸೀಮೋರ್ ಕೂಡ ಗುಲಾಮರ ಮಗ. ಕಪ್ಪು ಜನರು, ಬಿಳಿಯರು ಒಂದೇ ಬೆಂಚಿನ ಮೇಲೆ ಕೂತು ಅಳುತ್ತಾ ಪ್ರಾರ್ಥನೆ ಮಾಡ್ತಿದ್ದ ಜಾಗ ಅದು. ಅಲ್ಲಿ ಮೇಸನ್ ಪವಿತ್ರಾತ್ಮನ ದೀಕ್ಷಾಸ್ನಾನ ಹೊಂದಿದರು. ಐದು ವಾರ ಇದ್ದು ಮೆಂಫಿಸ್‌ಗೆ ಮರಳಿ ಬಂದರು. ಇದರಿಂದ ಜೋನ್ಸ್ ಅವರ ಜೊತೆ ದಾರಿ ಬೇರೆ ಆಯಿತು. ಆದರೆ ಸಭೆ ಬೆಳೀತು. ಬಿಳಿಯ ಸೇವಕರೂ ಬಂದು ಇವರ ಕೈಯಿಂದ ದೀಕ್ಷೆ ಪಡೆದರು. ಗುಲಾಮರ ಮಗನ ಮುಂದೆ ಬಿಳಿಯರು ಮೊಣಕಾಲೂರಿದರು ಪ್ರಿಯರೇ! ಆ ಕಾಲದ ಮಿಸಿಸಿಪ್ಪಿಯಲ್ಲಿ ಅದೇ ಒಂದು ಅಪರಾಧದ ಹಾಗೆ.

ಈಗ ಯುದ್ಧಕ್ಕೆ ಬರೋಣ.

1914ರಲ್ಲಿ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಇದು ಎಲ್ಲೋ ದೂರದ ಕತೆ ಅಂದುಕೋಬೇಡಿ. ಆ ಯುದ್ಧ ನಮ್ಮ ಧಾರವಾಡ, ಹುಬ್ಬಳ್ಳಿಯ ಸಭೆಗಳ ಬಾಗಿಲಿಗೂ ಬಂತು. 1837ರಿಂದ ಇಲ್ಲಿ ಸೇವೆ ಮಾಡ್ತಿದ್ದ ಬಾಸೆಲ್ ಮಿಷನ್‌ನಲ್ಲಿ ಜರ್ಮನ್ ಮಿಷನರಿಗಳು ಬಹಳ ಇದ್ದರು. ನಿನ್ನೆವರೆಗೆ ಶಾಲೆ ನಡೆಸಿದವರು, ಕನ್ನಡ ಕಲಿತು ಕನ್ನಡದಲ್ಲೇ ಪ್ರಾರ್ಥನೆ ಮಾಡಿದವರು, ಯುದ್ಧ ಬಂದ ಕೂಡಲೇ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರಲ್ಲಿ ಅನೇಕರನ್ನು ಅಹಮದನಗರದ ಕ್ಯಾಂಪಿನಲ್ಲಿ ಬಂಧನದಲ್ಲಿಟ್ಟರು. ಅವರು ಮಾಡಿದ ತಪ್ಪು ಜರ್ಮನಿಯಲ್ಲಿ ಹುಟ್ಟಿದ್ದು. ಸಭೆಗಳು ಕುರುಬನಿಲ್ಲದ ಕುರಿಗಳ ಹಾಗಾದವು. ಜರ್ಮನ್ ಅನ್ನೋ ಒಂದು ಶಬ್ದ ಆ ಕಾಲದಲ್ಲಿ ಮನುಷ್ಯನನ್ನು ಜೈಲಿಗೆ ಹಾಕೋದಕ್ಕೆ ಸಾಕಾಗಿತ್ತು. ಅದೇ ಶಬ್ದ ಅಮೆರಿಕದಲ್ಲಿ ಮೇಸನ್ ಅವರ ಬೆನ್ನು ಹತ್ತಿತು.

1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧಕ್ಕೆ ಇಳೀತು. ಮೇ 18ರಂದು ಕಡ್ಡಾಯ ಸೈನ್ಯ ಸೇವೆಯ ಕಾನೂನು ಬಂತು. ಜೂನ್ 5ರಂದು 21ರಿಂದ 30 ವರ್ಷದ ಗಂಡಸರೆಲ್ಲ ಹೆಸರು ಬರೆಸಬೇಕಾಯಿತು. ನಮ್ಮ ದೇಶದಲ್ಲಿ ಇವತ್ತು ಇಷ್ಟ ಇದ್ದವನು ಅರ್ಜಿ ಹಾಕ್ತಾನೆ. ಅಲ್ಲಿ ಹಾಗಲ್ಲ. ನಿನ್ನ ಹೆಸರು ಬಂತು ಅಂದ್ರೆ ಹೋಗಲೇಬೇಕು. ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟಿದ್ದರು. ಯುದ್ಧ ಮಾಡಬಾರದು ಅನ್ನೋ ಬೋಧನೆ ಮೊದಲಿಂದ ಇರುವ, ಎಲ್ಲರಿಗೂ ಗೊತ್ತಿರುವ ಧಾರ್ಮಿಕ ಪಂಗಡದವನಾದರೆ ಆಯುಧ ಹಿಡಿಯೋದರಿಂದ ಬಿಡುಗಡೆ. ಆದರೂ ಸೈನ್ಯದಲ್ಲಿ ಬೇರೆ ಕೆಲಸಕ್ಕೆ ಹೋಗಬೇಕು. ಕ್ವೇಕರರು, ಮೆನ್ನೊನೈಟರು ಇವರಿಗೆಲ್ಲ ನೂರಾರು ವರ್ಷದ ಹೆಸರಿತ್ತು. ಹತ್ತಿ ಹೊಲದಲ್ಲಿ ದುಡಿಯುವ ಕಪ್ಪು ಜನರ ಪೆಂತೆಕೊಸ್ತ ಸಭೆ ಯಾರಿಗೆ ಗೊತ್ತು? ಊರಿನ ಬಿಳಿಯ ಅಧಿಕಾರಿಗಳ ಮಂಡಳಿ ಕೂತು ತೀರ್ಮಾನ ಮಾಡ್ತಿತ್ತು.

ಆಗ ನಮ್ಮ ಪೆಂತೆಕೊಸ್ತ ತಂದೆಗಳು ಏನು ನಂಬಿದ್ದರು ಗೊತ್ತೇನು? ಆಶ್ಚರ್ಯ ಆಗಬಹುದು. 1914ರಲ್ಲಿ ಶುರುವಾದ ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆಯೂ 1917ರಲ್ಲಿ, ಮನುಷ್ಯನ ಜೀವ ತೆಗೆಯುವ ಯುದ್ಧದಲ್ಲಿ ನಾವು ಭಾಗಿಯಾಗಲು ಆಗೋದಿಲ್ಲ ಅಂತ ಸರ್ಕಾರಕ್ಕೆ ತಿಳಿಸಿತ್ತು. ಐವತ್ತು ವರ್ಷ ಅದೇ ಅವರ ನಿಲುವು. 1967ರಲ್ಲಿ ಅದನ್ನು ಬದಲಾಯಿಸಿ ಪ್ರತಿಯೊಬ್ಬ ವಿಶ್ವಾಸಿಯ ಮನಸ್ಸಾಕ್ಷಿಗೆ ಬಿಟ್ಟರು. ಮೇಸನ್ ಅವರ ಸಭೆಯ ಬೋಧನೆಯೂ ಅಂಥದ್ದೇ: ಸರ್ಕಾರಕ್ಕೆ ನಿಷ್ಠೆ ಸಲ್ಲಿಸಬೇಕು, ಅಧಿಕಾರಿಗಳಿಗೆ ಪ್ರಾರ್ಥನೆ ಮಾಡಬೇಕು, ಕಾನೂನು ಪಾಲಿಸಬೇಕು. ಆದರೆ ಮನುಷ್ಯನ ರಕ್ತ ಚೆಲ್ಲೋದು ನಮ್ಮ ಕರ್ತನ ಬೋಧನೆಗೆ ವಿರುದ್ಧ. ರೋಮಾಪುರ 13ನ್ನೂ ಬಿಡಲಿಲ್ಲ, ಅಪೊಸ್ತಲರ ಕೃತ್ಯ 5ನ್ನೂ ಬಿಡಲಿಲ್ಲ. ಎರಡನ್ನೂ ಹಿಡಿದು ನಡುವೆ ನಿಂತರು. ನಡುವೆ ನಿಂತವನಿಗೆ ಎರಡೂ ಕಡೆಯಿಂದ ಏಟು ಬೀಳ್ತದೆ.

ಒಲ್ಲೆ ಅಂದವರಿಗೆ ಆ ಕಾಲದಲ್ಲಿ ಏನು ಮಾಡಿದರು ಅನ್ನೋದನ್ನೂ ಕೇಳ್ರಿ. ಕ್ಯಾಂಪಿಗೆ ಒಯ್ದು ಸಮವಸ್ತ್ರ ಹಾಕು ಅಂದಾಗ ಹಾಕದವರನ್ನು ಹೊಡೆದರು, ಚಳಿಯಲ್ಲಿ ನಿಲ್ಲಿಸಿದರು, ಹೇಡಿ ಅಂತ ಉಗುಳಿದರು. ಸುಮಾರು 500 ಜನರನ್ನು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. 17 ಜನರಿಗೆ ಮರಣದಂಡನೆ, 142 ಜನರಿಗೆ ಜೀವಾವಧಿ ವಿಧಿಸಿದರು. ದೇವರ ಕೃಪೆ, ಮರಣದಂಡನೆ ಯಾರ ಮೇಲೂ ಜಾರಿಯಾಗಲಿಲ್ಲ. ಆದರೆ ಜೈಲಿನಲ್ಲಿ ಸತ್ತವರಿದ್ದಾರೆ.

ಹುಟರೈಟ್ ಪಂಗಡದ ಅಣ್ಣತಮ್ಮಂದಿರು, ಜೋಸೆಫ್ ಹೋಫರ್, ಮೈಕಲ್ ಹೋಫರ್. ಸೌತ್ ಡಕೋಟಾದ ರೈತರು. ಅವರನ್ನು ಸಮುದ್ರದ ನಡುವಿನ ಅಲ್ಕಾಟ್ರಾಜ್ ಜೈಲಿಗೆ ಕಳಿಸಿದರು. ನೆಲಮಾಳಿಗೆಯ ಕತ್ತಲೆ ಕೋಣೆ, ಒದ್ದೆ ನೆಲ, ಮೈಮೇಲೆ ಒಳಬಟ್ಟೆ ಮಾತ್ರ. ಪಕ್ಕದಲ್ಲಿ ಸೈನ್ಯದ ಸಮವಸ್ತ್ರ ಇಟ್ಟಿದ್ದರು, ಚಳಿ ಆದರೆ ಹಾಕಿಕೋ ಅಂತ. ಅವರು ಮುಟ್ಟಲಿಲ್ಲ. ಕೈಗಳನ್ನು ಮೇಲಕ್ಕೆ ಕಟ್ಟಿ ತೂಗುಹಾಕಿದರು. 1918ರ ನವೆಂಬರ್‌ನಲ್ಲಿ ಯುದ್ಧ ಮುಗಿದ ಮೇಲೆ ಅವರನ್ನು ಕಾನ್ಸಸ್‌ನ ಇನ್ನೊಂದು ಜೈಲಿಗೆ ಸಾಗಿಸಿದರು. ಅಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ಜೋಸೆಫ್‌ನ ಹೆಂಡತಿ ಬಂದು ಶವಪೆಟ್ಟಿಗೆ ತೆಗೆಸಿ ನೋಡಿದಳು. ಜೀವ ಇರುವವರೆಗೆ ಯಾವ ಸಮವಸ್ತ್ರ ಹಾಕಲ್ಲ ಅಂದಿದ್ದನೋ, ಸತ್ತ ಮೇಲೆ ಅದನ್ನೇ ಅವನ ಮೈಗೆ ಹಾಕಿದ್ದರು.

(ಸ್ವಲ್ಪ ಹೊತ್ತು ಮೌನ.)

ಆ ತಾಯಿಗೆ ಹೇಗಾಗಿರಬೇಕು ಪ್ರಿಯರೇ.

ಇದು ಬಿಳಿಯ ರೈತರಿಗೆ ಆದದ್ದು. ಕಪ್ಪು ಜನರಿಗೆ ಜೈಲಿನ ಜೊತೆಗೆ ಹಗ್ಗದ ಭಯವೂ ಇತ್ತು. ಯಾವ ವಿಚಾರಣೆಯೂ ಇಲ್ಲದೆ ಜನರ ಗುಂಪು ಸೇರಿ ಮನುಷ್ಯನನ್ನು ಮರಕ್ಕೆ ನೇತುಹಾಕುವುದು. 1918ನೇ ವರ್ಷ ಒಂದರಲ್ಲೇ ಸುಮಾರು 60 ಕಪ್ಪು ಜನರನ್ನು ಹಾಗೆ ಕೊಂದರು. ಅದೇ ವರ್ಷ ಏಪ್ರಿಲ್‌ನಲ್ಲಿ ಅರ್ಕಾನ್ಸಾದ ಬ್ಲೈತ್‌ವಿಲ್ ಊರಿನಲ್ಲಿ ಮೇಸನ್ ಅವರ ಸಭೆಯ ಪಾಸ್ಟರ್ ಜೆಸ್ಸಿ ಪೇನ್ ಅವರನ್ನು ಗುಂಪು ಹಿಡಿದು, ಮೈಗೆ ಡಾಂಬರು ಬಳಿದು, ಕೋಳಿ ಪುಕ್ಕ ಅಂಟಿಸಿ ಅವಮಾನ ಮಾಡಿತು. ಯುದ್ಧದ ವಿರುದ್ಧ ಮಾತಾಡಿದ ಅನ್ನೋದು ಆರೋಪ.

ಈಗ ಲೆಕ್ಸಿಂಗ್ಟನ್‌ಗೆ ಬರೋಣ. ಹತ್ತಿ ಜಿನ್ ಇದ್ದ ಆ ಊರು. ಅಲ್ಲಿಯ ಮಂಡಳಿ ಲೆಕ್ಕ ನೋಡಿತು. ಕರೆದ ಕಪ್ಪು ಯುವಕರು ಬೇಕಾದಷ್ಟು ಬರ್ತಿಲ್ಲ. ಯಾಕೆ? ಬಡತನ ಇರಬಹುದು, ಪತ್ರ ಕೈಗೆ ಮುಟ್ಟದೇ ಇರಬಹುದು, ಓದೋದಕ್ಕೆ ಬರದೇ ಇರಬಹುದು. ಅದನ್ನೆಲ್ಲ ಬಿಟ್ಟು, ಇದಕ್ಕೆಲ್ಲ ಮೇಸನ್ ಕಾರಣ, ಇವನಿಗೆ ಜರ್ಮನಿಯ ಬೆಂಬಲ ಇದೆ ಅಂದರು. ಪತ್ರಿಕೆಗಳಲ್ಲೂ ಬಂತು. ಕೇಂದ್ರ ಸರ್ಕಾರದ ಗುಪ್ತಚರರು ಬೆನ್ನು ಹತ್ತಿದರು. ಅವರ ಬೋಧನೆ ಕೇಳಿದವರನ್ನು ಕರೆದು ವಿಚಾರಿಸಿದರು, ಕಡತ ತುಂಬಿಸಿದರು. 1917ರ ಜೂನ್‌ನಲ್ಲಿ ಬಂದ ಬೇಹುಗಾರಿಕೆ ಕಾಯ್ದೆಯಲ್ಲಿ, ಸೈನ್ಯ ಸೇರೋದಕ್ಕೆ ಅಡ್ಡಿ ಮಾಡಿದವನಿಗೆ 20 ವರ್ಷದವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ ಇತ್ತು.

1918ರ ಜೂನ್‌ನಲ್ಲಿ ಲೆಕ್ಸಿಂಗ್ಟನ್‌ನ ಪೊಲೀಸ್ ಅಧಿಕಾರಿ ಮೇಸನ್ ಅವರನ್ನು ಬಂಧಿಸಿದ. ಊರಿನ ಜನರ ಮನಸ್ಸು ಕುದೀತಿತ್ತು. ಹೊರಗೆ ಬಿಟ್ಟಿದ್ದರೆ ಜೀವ ಉಳೀತಿತ್ತೋ ಇಲ್ಲವೋ. ಅಲ್ಲಿಂದ ಜಾಕ್ಸನ್ ಊರಿನ ಜೈಲಿಗೆ ಒಯ್ದರು. ಯೋಚನೆ ಮಾಡ್ರಿ. ಅವರಿಗಾಗ ಐವತ್ತು ದಾಟಿತ್ತು. ಅವರನ್ನು ಸೈನ್ಯಕ್ಕೆ ಯಾರೂ ಕರೆದಿರಲಿಲ್ಲ. ತನ್ನ ಸಭೆಯ ಹುಡುಗರಿಗೆ ದೇವರ ವಾಕ್ಯ ಕಲಿಸಿದ್ದಕ್ಕೆ ಈ ಕುರುಬ ಜೈಲಿನಲ್ಲಿ ಕೂತ. ಅಲ್ಲಿಂದ ಜಾಮೀನಿನ ಮೇಲೆ ಹೊರಗೆ ಬಂದರು.

ಈಗ ಒಂದು ಕಷ್ಟದ ವಿಷಯ. ಬೇರೆ ಕಡೆ ಇದನ್ನು ಬಿಟ್ಟು ಹೇಳ್ತಾರೆ, ನಾನು ಬಿಡಲ್ಲ. ಅದೇ ಜೂನ್ ತಿಂಗಳ 23ರಂದು ಮೆಂಫಿಸ್‌ನಲ್ಲಿ ಮೇಸನ್ ಒಂದು ಪ್ರಸಂಗ ಮಾಡಿದರು. ಜರ್ಮನಿಯ ಚಕ್ರವರ್ತಿ ಕೈಸರ್‌ನನ್ನು ಸತ್ಯವೇದದ ಬೆಳಕಿನಲ್ಲಿ ನೋಡುವ ಪ್ರಸಂಗ. ಕೈಸರ್ ಮಾಡ್ತಿರೋದು ಕ್ರಿಸ್ತನಿಗೆ ವಿರುದ್ಧ ಅಂತ ಖಂಡಿಸಿದರು. ಸರ್ಕಾರದ ಯುದ್ಧ ಸಾಲಪತ್ರಕ್ಕೆ ಜನರಿಂದ ಹಣ ಕೂಡಿಸಿಕೊಟ್ಟಿದ್ದನ್ನು ನೆನಪಿಸಿದರು. ಜರ್ಮನ್ ಸೈನ್ಯ ಹಿಂದಕ್ಕೆ ಹೋಗಲಿ, ಶಾಂತಿಯ ಪ್ರಭು ಬರಲಿ ಅಂತ ಪ್ರಾರ್ಥಿಸಿದರು.

ಇದನ್ನು ಮೊದಲು ಓದಿದಾಗ ನನಗೆ ಎಡವಿದ ಹಾಗಾಯಿತು. ರಕ್ತ ಚೆಲ್ಲಬಾರದು ಅಂದ ಮನುಷ್ಯ ಯುದ್ಧಕ್ಕೆ ಹಣ ಕೊಡಿಸೋದೇನು? ಹೆದರಿದರೇನು? ಹೆದರಿರಬಹುದು. ಅವರೂ ನಮ್ಮಂಥ ಮನುಷ್ಯರೇ. ಅವರ ಹಿಂದೆ ಸಾವಿರಾರು ಬಡ ಕುಟುಂಬಗಳಿದ್ದವು. ಒಂದು ಮಾತು ತಪ್ಪಿದರೆ ಯಾವ ಹಳ್ಳಿಯಲ್ಲಿ ಯಾರ ಮಗನ ಕುತ್ತಿಗೆಗೆ ಹಗ್ಗ ಬೀಳ್ತಿತ್ತೋ. ಆದರೆ ಇನ್ನೊಂದು ಕಡೆಯಿಂದಲೂ ನೋಡ್ರಿ. ದೇಶದ ಮೇಲೆ ದ್ವೇಷ ಇದ್ದು ಒಲ್ಲೆ ಅಂದವರಲ್ಲ ಇವರು. ಏನು ಕೊಡೋದಕ್ಕೆ ತನ್ನ ಮನಸ್ಸಾಕ್ಷಿ ಬಿಡ್ತದೋ ಅದನ್ನೆಲ್ಲ ಕೊಟ್ಟರು. ಕೊಲ್ಲೋದೊಂದನ್ನು ಮಾತ್ರ ಬಿಟ್ಟರು. ನಾವು ಇವತ್ತು ಫ್ಯಾನಿನ ಕೆಳಗೆ ಕೂತು ಅವರಿಗೆ ಮಾರ್ಕ್ಸ್ ಹಾಕೋದು ಸುಲಭ. ಎಲ್ಲಿ ಗೆರೆ ಎಳೀಬೇಕು ಅಂತ ಅವರು ಜೈಲಿನ ನೆಲದ ಮೇಲೆ ಕೂತು ಯೋಚಿಸಬೇಕಾಯಿತು.

ಹಣ ಕೊಡಿಸಿದ ಮೇಲಾದರೂ ಬಿಟ್ಟರೇ? ಇಲ್ಲ. ಜುಲೈ ತಿಂಗಳಲ್ಲಿ ಟೆಕ್ಸಸ್ ರಾಜ್ಯದ ಪ್ಯಾರಿಸ್ ಅನ್ನೋ ಊರಿನಲ್ಲಿ ಮತ್ತೆ ಬಂಧಿಸಿದರು. ಈ ಸಲ ಜೊತೆಗೆ ಹೆನ್ರಿ ಕಿರ್ವಿನ್ ಎಂಬ ಸ್ಥಳೀಯ ಪಾಸ್ಟರ್, ವಿಲಿಯಂ ಹೋಲ್ಟ್ ಎಂಬ ಸಹಸೇವಕ. ಹೋಲ್ಟ್ ಬಿಳಿಯ ಮನುಷ್ಯ. ಬಿಳಿಯನಾಗಿದ್ದು ಕಪ್ಪು ಜನರ ಸಭೆಯಲ್ಲಿ ಸೇವೆ ಮಾಡ್ತಾನೆ, ಅವರ ಜೊತೆ ಊಟ ಮಾಡ್ತಾನೆ ಅಂದ್ರೆ ಇವನು ಜರ್ಮನ್ ಗೂಢಚಾರನೇ ಇರಬೇಕು ಅಂತ ಅನುಮಾನಪಟ್ಟರು. ಸಹೋದರ ಪ್ರೀತಿ ಆ ಅಧಿಕಾರಿಗಳಿಗೆ ಅರ್ಥವೇ ಆಗಲಿಲ್ಲ. ಅದಕ್ಕೆ ಬೇರೆ ಏನೋ ಕಾರಣ ಹುಡುಕಿದರು. ಹೋಲ್ಟ್ ಬಹಳ ದಿನ ಜೈಲಿನಲ್ಲಿ ಕಳೆದರು. ಆದರೂ ಮೇಸನ್ ಅವರನ್ನು ಬಿಟ್ಟು ಹೋಗಲಿಲ್ಲ.

ಕೊನೆಗೆ ಏನಾಯಿತು? ತಿಂಗಳುಗಟ್ಟಲೆ ತನಿಖೆ ಮಾಡಿದರೂ ಜರ್ಮನ್ ಹಣವೂ ಸಿಗಲಿಲ್ಲ, ಪಿತೂರಿಯೂ ಸಿಗಲಿಲ್ಲ. ಯಾವ ನ್ಯಾಯಾಲಯವೂ ಮೇಸನ್ ಅವರನ್ನು ಅಪರಾಧಿ ಅಂತ ತೀರ್ಪು ಕೊಡಲಿಲ್ಲ. 1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮೇಸನ್ ಮತ್ತೆ ಬ್ಯಾಗ್ ಹಿಡಿದು ಊರೂರು ತಿರುಗಿ ಸುವಾರ್ತೆ ಸಾರಿದರು. ಸ್ತೋತ್ರ, ಸ್ತೋತ್ರ!

ಇಂಥ ಪ್ರಶ್ನೆ ನಮ್ಮ ಸೀಮೆಗೂ ಬಂದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಭಾರತೀಯರಿಗೆ ಕಡ್ಡಾಯ ಭರ್ತಿ ಇರಲಿಲ್ಲ. ಆದರೆ ಯುದ್ಧಕ್ಕೆ ಜನ ಕೊಡಬೇಡಿ, ಹಣ ಕೊಡಬೇಡಿ ಅಂತ ಬಹಿರಂಗವಾಗಿ ಹೇಳೋದೇ ಅಪರಾಧವಾಗಿತ್ತು. 1940ರ ಅಕ್ಟೋಬರ್ 17ರಂದು ಗಾಂಧೀಜಿ ವೈಯಕ್ತಿಕ ಸತ್ಯಾಗ್ರಹ ಶುರು ಮಾಡಿಸಿದರು. ಮೊದಲನೆಯವರು ವಿನೋಬಾ ಭಾವೆ. ಒಬ್ಬೊಬ್ಬರೇ ಮುಂಚಿತವಾಗಿ ಅಧಿಕಾರಿಗೆ ತಿಳಿಸಿ, ಇಂಥ ದಿನ ಇಂಥ ಜಾಗದಲ್ಲಿ ಮಾತಾಡ್ತೀನಿ ಅಂತ ಹೇಳಿ, ಮಾತಾಡಿ, ಶಾಂತಿಯಿಂದ ಜೈಲಿಗೆ ನಡೆದರು. ನಮ್ಮ ಧಾರವಾಡ ಜಿಲ್ಲೆಯಿಂದಲೂ ಹೋದರು. ಬೆಳಗಾವಿಯ ಹಿಂಡಲಗಾ ಜೈಲಿನ ಗೋಡೆಗಳಿಗೆ ಅದು ಗೊತ್ತು. ಅವರ ದಾರಿ ಬೇರೆ, ಅವರು ಮುಖ್ಯವಾಗಿ ದೇಶದ ಸ್ವಾತಂತ್ರ್ಯಕ್ಕಾಗಿ ನಿಂತವರು. ಆದರೆ ಬಚ್ಚಿಟ್ಟುಕೊಳ್ಳದೆ, ಕೈ ಎತ್ತದೆ, ಶಿಕ್ಷೆಯನ್ನು ತಾನೇ ಹೊರುವ ಆ ರೀತಿಯನ್ನು ನಾವು ಗೌರವಿಸಬೇಕು. ಶಿಲುಬೆಯ ಕೆಳಗೆ ನಿಂತವರಿಗೆ ಆ ರೀತಿ ಹೊಸದಲ್ಲ.

ಮೇಸನ್ ಅವರ ಉಳಿದ ಜೀವನ ಚಿಕ್ಕದಾಗಿ ಹೇಳ್ತೀನಿ. ಎರಡನೇ ಮಹಾಯುದ್ಧ ಮುಗಿಯುವ ವರ್ಷ, 1945ರಲ್ಲಿ, ಮೆಂಫಿಸ್‌ನಲ್ಲಿ ಅವರ ಸಭೆಯವರು ಸಾವಿರಾರು ಜನ ಕೂರುವ ಮೇಸನ್ ಟೆಂಪಲ್ ಅನ್ನೋ ದೊಡ್ಡ ಆಲಯ ಕಟ್ಟಿ ಮುಗಿಸಿದರು. ಹತ್ತಿ ಜಿನ್‌ನಲ್ಲಿ ಶುರುವಾದ ಸಭೆ! 1961ರ ನವೆಂಬರ್ 17ರಂದು ಡೆಟ್ರಾಯಿಟ್‌ನಲ್ಲಿ ಅವರು ಕರ್ತನಲ್ಲಿ ನಿದ್ರೆ ಹೋದರು. ಅವರ ದೇಹವನ್ನು ಅದೇ ಆಲಯದಲ್ಲಿ ಇಟ್ಟಿದ್ದಾರೆ. ಆರು ವರ್ಷ ದಾಟಿದ ಮೇಲೆ, 1968ರ ಏಪ್ರಿಲ್ 3ರ ರಾತ್ರಿ, ಪೌರಕಾರ್ಮಿಕರ ಹೋರಾಟಕ್ಕೆ ಬೆಂಬಲ ಕೊಡಲು ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ಭಾಷಣ ಮಾಡಿದ್ದು ಆ ಆಲಯದಲ್ಲೇ. ಮರುದಿನ ಅವರನ್ನು ಗುಂಡಿಟ್ಟು ಕೊಂದರು. ಅಹಿಂಸೆ ಕಲಿಸಿದ ಮನುಷ್ಯ ಕೊನೆಯ ಸಲ ಮಾತಾಡಿದ್ದು, ರಕ್ತ ಚೆಲ್ಲಲು ಒಲ್ಲೆ ಅಂದ ಮನುಷ್ಯನ ಸಮಾಧಿ ಇರುವ ಮನೆಯಲ್ಲಿ.

ಈ ಜೀವನದಿಂದ ಮೂರು ಮಾತು ಮನೆಗೆ ಒಯ್ಯಿರಿ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು. ಮನಸ್ಸಾಕ್ಷಿಯನ್ನು ಶಾಂತಿಕಾಲದಲ್ಲೇ ತಯಾರು ಮಾಡಬೇಕು. ದಾನಿಯೇಲ 3ನೇ ಅಧ್ಯಾಯದ ಮೂವರು ಯುವಕರು ಬೆಂಕಿಯ ಮುಂದೆ ನಿಂತಾಗ ತೀರ್ಮಾನ ಮಾಡಿದವರಲ್ಲ. ಮೊದಲನೇ ಅಧ್ಯಾಯದಲ್ಲಿ, ಊಟದ ತಟ್ಟೆಯ ಮುಂದೆಯೇ ಅವರ ತೀರ್ಮಾನ ಆಗಿತ್ತು. ಸಣ್ಣದರಲ್ಲಿ ಒಲ್ಲೆ ಅನ್ನೋದು ಕಲಿಯದವನು ದೊಡ್ಡದರಲ್ಲಿ ಹೇಗೆ ಅಂತಾನೆ? ಆಫೀಸಿನಲ್ಲಿ ಸುಳ್ಳು ಬಿಲ್ಲಿಗೆ ಸಹಿ ಮಾಡು ಅಂದಾಗ ಮಾಡುವವನು, ಜೀವದ ಪ್ರಶ್ನೆ ಬಂದಾಗ ನಿಲ್ಲೋದಿಲ್ಲ.

ಎರಡು. ಒಲ್ಲೆ ಅನ್ನಬೇಕಾದದ್ದನ್ನು ಮಾತ್ರ ಒಲ್ಲೆ ಅನ್ನಿ. ಉಳಿದದ್ದನ್ನು ಸಂತೋಷದಿಂದ ಕೊಡಿ. ತೆರಿಗೆ ಕೊಡಿ, ಗೌರವ ಕೊಡಿ, ಅಧಿಕಾರಿಗಳಿಗಾಗಿ ಪ್ರಾರ್ಥನೆ ಮಾಡಿ. ಹಟಕ್ಕೂ ಮನಸ್ಸಾಕ್ಷಿಗೂ ವ್ಯತ್ಯಾಸ ಇದೆ. ಹಟ ಬೇರೆಯವರಿಗೆ ಕಷ್ಟ ಕೊಡ್ತದೆ. ಮನಸ್ಸಾಕ್ಷಿ ಕಷ್ಟವನ್ನು ತಾನೇ ತಗೊಳ್ತದೆ.

ಮೂರು. ಇದು ಸಭೆಗೆ. 1918ರಲ್ಲಿ ದೊಡ್ಡ ದೊಡ್ಡ ಚರ್ಚುಗಳು ವೇದಿಕೆಯಿಂದಲೇ ಯುದ್ಧಕ್ಕೆ ಹುರುಪು ತುಂಬಿದವು. ಜೈಲಿನಲ್ಲಿ ಕೂತ ಹುಡುಗರನ್ನು ನೋಡಲು ಹೋದ ಪಾಸ್ಟರುಗಳು ಎಷ್ಟು ಜನ? ಮತ್ತಾಯ 25ರಲ್ಲಿ ಕರ್ತನು ಸೆರೆಯಲ್ಲಿದ್ದವನನ್ನು ನೋಡಲು ಹೋದಿರಾ ಅಂತ ಕೇಳ್ತಾನೆ. ಸೆರೆಯಲ್ಲಿದ್ದವನ ಅಭಿಪ್ರಾಯ ಸರಿಯಿತ್ತಾ ಅಂತ ಅಲ್ಲಿ ಕೇಳೋದಿಲ್ಲ. ನಿಮ್ಮ ಪಕ್ಕದಲ್ಲಿ ಕೂತವರು ನಿಮಗಿಂತ ಬೇರೆ ತೀರ್ಮಾನಕ್ಕೆ ಬಂದಾಗ ಅವರನ್ನು ಹೇಡಿ ಅನ್ನಬೇಡಿ, ದೇಶದ್ರೋಹಿ ಅನ್ನಬೇಡಿ.

ಹಾಗೇ ಇನ್ನೊಂದು ಕಡೆಗೂ ಹೇಳ್ತೀನಿ. ನಮ್ಮ ಸಭೆಯಲ್ಲಿ ಸೈನ್ಯದಿಂದ ನಿವೃತ್ತರಾದವರಿದ್ದೀರಿ. ಗಡಿಯಲ್ಲಿ ಮಗ ಇರುವ ತಾಯಂದಿರಿದ್ದೀರಿ. ರಾತ್ರಿ ಫೋನ್ ಬಂದರೆ ನಿಮ್ಮ ಎದೆ ಹೇಗೆ ಹೊಡ್ಕೊಳ್ತದೆ ಅಂತ ನನಗೆ ಗೊತ್ತು. ನಾನು ನಿಮ್ಮ ಮಕ್ಕಳ ವಿರುದ್ಧ ಮಾತಾಡ್ತಿಲ್ಲ. ಕೊರ್ನೇಲ್ಯನು ಶತಾಧಿಪತಿ. ಅವನ ಮನೆಯ ಮೇಲೂ ಪವಿತ್ರಾತ್ಮನು ಇಳಿದನು. ನಿಮ್ಮ ಮಕ್ಕಳಿಗಾಗಿ ಈ ಸಭೆ ದಿನಾಲೂ ಮೊಣಕಾಲೂರು‍ತ್ತದೆ.

ಕೊನೆಗೆ ಆ ಕಲಘಟಗಿ ತಮ್ಮನಿಗೆ. ನೀನು ಇವತ್ತು ಇಲ್ಲಿದ್ದೀ, ನಾನು ನೋಡ್ತಿದ್ದೀನಿ. ಆವತ್ತು ನಿನಗೆ ಉತ್ತರ ಕೊಡದೇ ಕಳಿಸಿದ್ದಕ್ಕೆ ಕ್ಷಮಿಸು. ನಿನ್ನ ಪರವಾಗಿ ನಾನು ತೀರ್ಮಾನ ಮಾಡೋದಕ್ಕಾಗಲ್ಲ. ಆದರೆ ಒಂದು ಮಾತು. 1917ರ ಆ ಹುಡುಗರಿಗೆ ಇಲ್ಲದ ಒಂದು ಕೃಪೆ ನಿನಗಿದೆ. ನಿನ್ನನ್ನು ಯಾವ ಕಾನೂನೂ ಎಳೆದುಕೊಂಡು ಹೋಗ್ತಿಲ್ಲ. ಸಹಿ ಮಾಡೋದು ನೀನು. ಸಹಿ ಮಾಡಿದ ಮೇಲೆ ಆಜ್ಞೆ ಬಂದಾಗ ಒಲ್ಲೆ ಅನ್ನೋದು ಕಷ್ಟ, ಅದು ನ್ಯಾಯವೂ ಅಲ್ಲ ಅಂತ ನಿನ್ನ ಜೊತೆಯವರು ಅಂದಾರು. ಹಾಗಾಗಿ ಪ್ರಶ್ನೆಯನ್ನು ಈಗಲೇ ಕೇಳ್ಕೋ. ಸಾಲದ ಪ್ರಶ್ನೆ ಬೇರೆ ಇಡು, ಜೀವದ ಪ್ರಶ್ನೆ ಬೇರೆ ಇಡು. ಸಾಲದ ವಿಷಯಕ್ಕೆ ಸಭೆಯ ಹಿರಿಯರ ಜೊತೆ ಕೂತು ಮಾತಾಡೋಣ, ಬೇರೆ ಕೆಲಸವನ್ನೂ ಹುಡುಕೋಣ. ಸಾಲಕ್ಕೋಸ್ಕರ ಮಾತ್ರ ನಿನ್ನ ಮನಸ್ಸಾಕ್ಷಿಯನ್ನು ಅಡ ಇಡಬೇಡ. ದೇವರ ಮುಂದೆ ಕೂತು, ವಾಕ್ಯ ಓದಿ, ಉಪವಾಸ ಇದ್ದು ನೀನೇ ತೀರ್ಮಾನಕ್ಕೆ ಬಾ. ಹೋದರೂ ನೀನು ನಮ್ಮ ಮಗ, ಒಲ್ಲೆ ಅಂದರೂ ನೀನು ನಮ್ಮ ಮಗ. ಇಷ್ಟು ಹೇಳೋದಕ್ಕೆ ನನಗೆ ಇಷ್ಟು ವಾರ ಬೇಕಾಯಿತು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.

ಪ್ರೀತಿಯ ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಜೀವ ಕೊಟ್ಟವನು ನೀನು, ತೆಗೆದುಕೊಳ್ಳುವ ಅಧಿಕಾರ ನಿನ್ನದು. ಹತ್ತಿ ಹೊಲದಿಂದ ಎಬ್ಬಿಸಿದ ನಿನ್ನ ಸೇವಕನಿಗಾಗಿ ಸ್ತೋತ್ರ. ಹೆಸರಿಲ್ಲದೆ ಕತ್ತಲೆ ಕೋಣೆಯಲ್ಲಿ ಸತ್ತವರನ್ನು ನೀನು ಹೆಸರಿಡಿದು ಬಲ್ಲೆ. ಗಡಿಯಲ್ಲಿ ನಿಂತ ನಮ್ಮ ಮಕ್ಕಳನ್ನು ಕಾಪಾಡು. ತೀರ್ಮಾನ ಮಾಡಲಾರದೆ ನರಳುವ ನಮ್ಮ ಯುವಕರ ಹತ್ತಿರ ನಿಲ್ಲು. ಯುದ್ಧ ನಡೆಯುವ ದೇಶಗಳಲ್ಲಿ ಶಾಂತಿ ಕೊಡು. ಕಷ್ಟದ ಪ್ರಶ್ನೆಯಿಂದ ಓಡಿಹೋಗುವ ಸಭಾಪಾಲಕರಾದ ನಮ್ಮನ್ನು ಕ್ಷಮಿಸು, ಮೊದಲು ನನ್ನನ್ನು ಕ್ಷಮಿಸು ಕರ್ತನೇ. ನಮ್ಮ ರಕ್ಷಕನಾದ ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.